ಕೀಪ್ಯಾಡ್ ಫೋನಿನ ಪರವಾಗಿ

ಈಗ ಕೀಪ್ಯಾಡ್ ಫೋನ್ ಕೇಳಿಕೊಂಡು ಅಂಗಡಿಗೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ಹಿಂದಿನಿಂದಲೂ ಅದನ್ನೇ ಬಳಸುತ್ತ ಬಂದವರು: ತೋಟದಲ್ಲಿ ದುಡಿಯುವವರು, ಗಾರೆ ಕೆಲಸದವರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ಊರಲ್ಲಿ ಒಂಟಿಯಾಗಿ ಉಳಿದ ಅಜ್ಜ ಅಜ್ಜಿಯರು. ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಸೆಟ್ಟು. ಒಮ್ಮೆ ಚಾರ್ಜ್ ಮಾಡಿದರೆ ಮೂರ್ನಾಲ್ಕು ದಿನ ಯೋಚನೆಯಿಲ್ಲ. ಕೈಜಾರಿ ಬಿದ್ದು ಮೂರು ಭಾಗವಾದರೂ ಬ್ಯಾಟರಿ, ಮುಚ್ಚಳ ಕೂಡಿಸಿದರೆ ಮತ್ತೆ ಮಾತಾಡುತ್ತದೆ. ಎರಡನೆಯವರು ಈಚೆಗೆ ಬರತೊಡಗಿದವರು. ಇವರ ಜೇಬಿನಲ್ಲಿ ಒಳ್ಳೆಯ ಸ್ಮಾರ್ಟ್‌ಫೋನೇ ಇರುತ್ತದೆ. ಪುಸ್ತಕ ಹಿಡಿದರೆ ಹತ್ತು ಪುಟ ದಾಟುವುದಿಲ್ಲ, ಮಗಳು ಶಾಲೆಯ ಸುದ್ದಿ ಹೇಳುವಾಗ ಅರ್ಧ ಕಿವಿ ಮಾತ್ರ ಅಲ್ಲಿರುತ್ತದೆ, ಮಲಗುವ ಮುಂಚೆ ಐದು ನಿಮಿಷವೆಂದು ಕೈಗೆತ್ತಿಕೊಂಡದ್ದು ನಡುರಾತ್ರಿಗೆ ಮುಟ್ಟುತ್ತದೆ ಎಂಬುದು ಇವರ ಸಂಕಟ. ಕರೆ ಬಂದರೆ ಮಾತಾಡುವಂತಿದ್ದರೆ ಸಾಕು, ಇನ್ನೇನೂ ಬೇಡ ಅನ್ನುತ್ತಾರೆ.

ಈ ಎರಡನೆಯವರನ್ನು ಹಳೆಯ ಕಾಲಕ್ಕೆ ಹಂಬಲಿಸುವವರೆಂದೋ ಶೋಕಿಗೆ ಹಿಂದಕ್ಕೆ ನಡೆಯುವವರೆಂದೋ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಅವರು ಕೇಳುತ್ತಿರುವುದು ನ್ಯಾಯವಾದದ್ದು. ಆದರೆ ಅದು ಒಬ್ಬೊಬ್ಬರ ಮನಸ್ಸಿನ ಗಟ್ಟಿತನದಿಂದ ನಡೆದುಹೋಗುವ ಕೆಲಸವೂ ಅಲ್ಲ. ಮೊದಲ ಗುಂಪಿನವರು ಕೀಪ್ಯಾಡ್ ಫೋನ್ ಹಿಡಿದುಕೊಂಡೇ ಬ್ಯಾಂಕು, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಯಾರಿಗೂ ಕಡಿಮೆಯಿಲ್ಲದೆ ವ್ಯವಹರಿಸುವಂತಿದ್ದರೆ ಮಾತ್ರ ಎರಡನೆಯವರಿಗೂ ಆ ದಾರಿ ತೆರೆದಿರುತ್ತದೆ. ಒಂದು ಬಡತನದ ಪ್ರಶ್ನೆ, ಇನ್ನೊಂದು ನೆಮ್ಮದಿಯ ಪ್ರಶ್ನೆ ಎಂದು ಬೇರೆ ಬೇರೆಯಾಗಿ ಚರ್ಚಿಸುತ್ತಿದ್ದೇವೆ. ಎರಡೂ ಒಂದೇ ಪ್ರಶ್ನೆ.

2003ರಲ್ಲಿ ಬಂದ ನೋಕಿಯಾ 1100 ಹಲವರಿಗೆ ನೆನಪಿರಬಹುದು. ಭಾರತದಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಫೋನು ಅದು. ಧೂಳು ಒಳಸೇರದಂಥ ಕೀಪ್ಯಾಡ್, ಬೆವರಿದ ಕೈಯಿಂದ ಜಾರದ ಬದಿಗಳು, ನೆತ್ತಿಯಲ್ಲೊಂದು ಟಾರ್ಚು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಕರೆಂಟ್ ಹೋದ ರಾತ್ರಿಗಳಲ್ಲಿ ಆ ಟಾರ್ಚಿನ ಬೆಳಕಿನಲ್ಲಿ ಊಟ ಮಾಡಿದ, ಹಟ್ಟಿಗೆ ಹೋಗಿ ದನ ನೋಡಿ ಬಂದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಆ ಫೋನನ್ನು ನಾನು ಇಲ್ಲಿ ನೆನೆಯುವುದು ಮೋಹದಿಂದಲ್ಲ. ಅದರ ಹಿಂದಿದ್ದ ವ್ಯಾಪಾರದ ರೀತಿಯನ್ನು ಗಮನಿಸಬೇಕು. ಫೋನ್ ಮಾರಿದ ಕಂಪನಿಗೆ ದುಡ್ಡು ಬರುತ್ತಿದ್ದುದು ಮಾರಿದ ದಿನ. ಆಮೇಲೆ ನೀವು ಅದನ್ನು ದಿನಕ್ಕೆ ಎರಡು ಸಲ ನೋಡಿದರೂ ಇನ್ನೂರು ಸಲ ನೋಡಿದರೂ ಕಂಪನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ ಅದು ಯಾರಾದರೂ ಕರೆಯುವತನಕ ಸುಮ್ಮನಿರುತ್ತಿತ್ತು.

ಸ್ಮಾರ್ಟ್‌ಫೋನಿನೊಳಗಿನ ವ್ಯಾಪಾರ ಶುರುವಾಗುವುದೇ ನೀವು ಅದನ್ನು ಕೊಂಡ ಮೇಲೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನದ ಮೆಟಾ ಕಂಪನಿಯ ಆದಾಯದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಜಾಹೀರಾತಿನದು. ಜಾಹೀರಾತು ಮಾರಾಟವಾಗಬೇಕಾದರೆ ನೋಡುವ ಕಣ್ಣು ಬೇಕು, ಕಣ್ಣು ಅಲ್ಲಿಂದ ಕದಲಬಾರದು. ಮಾಹಿತಿ ಹೆಚ್ಚಿದಷ್ಟೂ ಅದನ್ನು ಗ್ರಹಿಸುವ ಗಮನ ಬಡವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಹೇಳಿದ್ದರು. ಆ ಬಡತನವೇ ಮುಂದೆ ಒಂದು ಉದ್ಯಮದ ಬಂಡವಾಳವಾಯಿತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟದ ಕೊನೆಯೇ ಬರದಂತೆ, ಬೆರಳಾಡಿಸಿದಷ್ಟೂ ಹೊಸದು ಬರುತ್ತಲೇ ಇರುವಂತೆ ಮಾಡುವ ಉಪಾಯ ರೂಪಿಸಿದರು. ಅದರಿಂದಾದ ಪರಿಣಾಮಕ್ಕೆ ಮುಂದೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಪುಟ ಮುಗಿಯುತ್ತಿದ್ದ ಕಾಲದಲ್ಲಿ ಓದುಗನಿಗೆ ಎದ್ದು ಹೋಗಲು ಒಂದು ಕ್ಷಣ ಸಿಗುತ್ತಿತ್ತು. ಆ ಕ್ಷಣವನ್ನೇ ತೆಗೆದುಹಾಕಿದರು. ಇನ್ನು ಮುಂದಿನ ರೀಲ್ ಚೆನ್ನಾಗಿರುತ್ತದೋ ಇಲ್ಲವೋ ಎಂಬ ಅನಿಶ್ಚಯ. ಕಾಳು ಯಾವ ಸಲ ಬೀಳುತ್ತದೆಂದು ತಿಳಿಯದಿದ್ದಾಗ ಪಾರಿವಾಳಗಳು ಗುಂಡಿ ಕುಟುಕುವುದನ್ನು ಬಿಡದೆ ಮುಂದುವರಿಸುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದ ನಡುವಿನಲ್ಲೇ ತೋರಿಸಿದ್ದರು. ನಮ್ಮ ಹೆಬ್ಬೆರಳು ಬಿಡುವಿಲ್ಲದೆ ಪರದೆಯನ್ನು ಮೇಲಕ್ಕೆ ತಳ್ಳುವುದರ ಹಿಂದೆ ಇರುವುದೂ ಅದೇ ನಿಯಮ.

ನಮ್ಮಲ್ಲಿ ಗಮನವನ್ನು ಒಂದು ಕಲೆಯಾಗಿಯೇ ಬೆಳೆಸಿದ ಪರಂಪರೆಯಿದೆ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನಗಳನ್ನು ಕಂಡವರಿಗೆ ಅದರ ವ್ಯವಸ್ಥೆ ಗೊತ್ತು. ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆ ಕೊಡುತ್ತಾರೆ, ಒಬ್ಬರು ದತ್ತಪದಿ ಕೊಡುತ್ತಾರೆ, ಇನ್ನೊಬ್ಬರು ಹೆಜ್ಜೆಹೆಜ್ಜೆಗೂ ಅಕ್ಷರ ನಿಷೇಧಿಸುತ್ತಾರೆ. ಅವರ ನಡುವೆ ಅಪ್ರಸ್ತುತ ಪ್ರಸಂಗಕ್ಕೆಂದೇ ಒಬ್ಬರು ಕೂತಿರುತ್ತಾರೆ. ಅವಧಾನಿ ಪದ್ಯದ ಪಾದ ಕಟ್ಟುತ್ತಿರುವಾಗ ಯಾವ ಗಳಿಗೆಯಲ್ಲಾದರೂ ಬಾಯಿ ಹಾಕಿ, ಸಂಬಂಧವಿಲ್ಲದ ಪ್ರಶ್ನೆ ಕೇಳಿ, ಅವರ ಮನಸ್ಸನ್ನು ಬೇರೆಡೆಗೆ ಎಳೆಯುವುದೇ ಇವರ ಕೆಲಸ. ಅಲ್ಲಿ ಅಂಥವರು ಒಬ್ಬರೇ, ಎದುರಿಗೆ ಕಾಣುವಂತೆ ಕೂತಿರುತ್ತಾರೆ, ಹೊತ್ತಾದ ಮೇಲೆ ಸಭೆ ಮುಗಿಯುತ್ತದೆ. ಫೋನಿನಲ್ಲಿ ಅಪ್ರಸ್ತುತ ಪ್ರಸಂಗಿಗಳಿಗೆ ಲೆಕ್ಕವಿಲ್ಲ, ಅವರು ಕಾಣುವುದಿಲ್ಲ, ಯಾವ ಮಾತಿಗೆ ನೀವು ತಿರುಗಿ ನೋಡುತ್ತೀರೆಂದು ದಿನವೂ ಅಳೆದು ನಾಳೆಗೆ ಅದನ್ನೇ ಹದ ಮಾಡಿಟ್ಟಿರುತ್ತಾರೆ. ಹಲವು ವರ್ಷಗಳ ಸಾಧನೆಯಿಂದ ಒಬ್ಬ ಅವಧಾನಿಗೆ ಬರುವ ಶಕ್ತಿಯನ್ನು ಪಿಯುಸಿ ಓದುವ ಹುಡುಗನಿಂದ, ಸಂಜೆ ದಣಿದು ಮನೆಗೆ ಬಂದ ನರ್ಸ್‌ನಿಂದ ನಿರೀಕ್ಷಿಸುವುದು ಸರಿಯೆ?

ಮನಸ್ಸು ಗಟ್ಟಿಯಿದ್ದರೆ ಯಾವ ಫೋನಾದರೇನು ಎಂದು ಹೇಳುವವರಿಗೆ ನನ್ನ ಉತ್ತರ ಇಲ್ಲಿದೆ. ಸ್ಮಾರ್ಟ್‌ಫೋನ್ ಜೇಬಿನಲ್ಲಿದ್ದಾಗ ದಿನದಲ್ಲಿ ಹಲವು ನೂರು ಸಲ ಬೇಡವೆನ್ನಬೇಕು. ಬಸ್ ನಿಲ್ದಾಣದಲ್ಲಿ ಬೇಡ, ಲಿಫ್ಟಿನಲ್ಲಿ ಬೇಡ, ಹಾಲು ಉಕ್ಕುವುದನ್ನು ಕಾಯುವಾಗ ಬೇಡ. ಒಂದು ಸಲ ಸೋತರೆ ಅರ್ಧ ಗಂಟೆ ಹೋಯಿತು. ಕೀಪ್ಯಾಡ್ ಫೋನ್ ಹಿಡಿದು ಹೊರಟವನು ಬೇಡವೆನ್ನುವುದು ಒಂದೇ ಸಲ, ಬೆಳಿಗ್ಗೆ ಮನೆಯ ಬಾಗಿಲು ಹಾಕಿಕೊಳ್ಳುವಾಗ. ಮನುಷ್ಯನಿಗೆ ಒಂದು ತೀರ್ಮಾನವನ್ನು ಒಮ್ಮೆ ಮಾಡುವ ಶಕ್ತಿ ಚೆನ್ನಾಗಿಯೇ ಇದೆ. ಅದೇ ತೀರ್ಮಾನವನ್ನು ಪ್ರತಿ ನಿಮಿಷ ಹೊಸದಾಗಿ ಮಾಡುತ್ತಿರುವ ಶಕ್ತಿ ಯಾರಿಗೂ ಇಲ್ಲ. ಉಪವಾಸ ಹಿಡಿದವರು ಅಡುಗೆಮನೆಯಲ್ಲಿ ಕೂರುವುದಿಲ್ಲ, ಪರೀಕ್ಷೆಗೆ ಓದುವ ಮಕ್ಕಳು ಗ್ರಂಥಾಲಯಕ್ಕೆ ಹೋಗುತ್ತಾರೆ. ನಮ್ಮ ಹಿರಿಯರು ಕಟ್ಟುಪಾಡನ್ನು ಹೊರಗೆ, ಜಾಗ ಮತ್ತು ಹೊತ್ತುಗಳಲ್ಲಿ ಇಡುತ್ತಿದ್ದುದು ಒಳಗಿನ ಬಲ ಎಷ್ಟೆಂದು ಬಲ್ಲವರಾದ್ದರಿಂದ.

ಇದಕ್ಕೆ ಒಳ್ಳೆಯ ಪುರಾವೆಯೂ ಸಿಕ್ಕಿದೆ. ನೋವಾ ಕ್ಯಾಸ್ಟೆಲೋ, ಏಡ್ರಿಯನ್ ವಾರ್ಡ್ ಮತ್ತು ಸಂಗಡಿಗರು ನಡೆಸಿದ ಒಂದು ಪ್ರಯೋಗ 2025ರಲ್ಲಿ ‘ಪಿಎನ್‌ಎಎಸ್ ನೆಕ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 467 ಜನರ ಸ್ಮಾರ್ಟ್‌ಫೋನ್‌ಗಳಲ್ಲಿ ಎರಡು ವಾರ ಇಂಟರ್ನೆಟ್ ತಡೆಯುವ ಏರ್ಪಾಡು. ಕರೆ ಇತ್ತು, ಎಸ್ಸೆಮ್ಮೆಸ್ ಇತ್ತು, ಕಂಪ್ಯೂಟರಿನ ಮುಂದೆ ಕೂತು ಇಂಟರ್ನೆಟ್ ಬಳಸಲೂ ಅಡ್ಡಿಯಿರಲಿಲ್ಲ. ಅಂದರೆ ಅವರ ಕೈಯಲ್ಲಿದ್ದ ಫೋನು ಹೆಚ್ಚುಕಡಿಮೆ ಕೀಪ್ಯಾಡ್ ಫೋನೇ ಆಯಿತು. ಒಂದೇ ಕಡೆ ಮನಸ್ಸು ನಿಲ್ಲಿಸುವ ಶಕ್ತಿ, ಮಾನಸಿಕ ಆರೋಗ್ಯ, ಬದುಕಿನ ಬಗೆಗಿನ ಸಮಾಧಾನ ಈ ಮೂರನ್ನೂ ಅಳೆದರು. ನೂರಕ್ಕೆ 91 ಮಂದಿಗೆ ಮೂರರಲ್ಲಿ ಒಂದರಲ್ಲಾದರೂ ಸುಧಾರಣೆ ಕಂಡಿತು. ಗಮನದ ಪರೀಕ್ಷೆಯಲ್ಲಿ ಕಂಡ ಏರಿಕೆ ಸುಮಾರು ಹತ್ತು ವರ್ಷ ವಯಸ್ಸು ಕಡಿಮೆಯಾದದ್ದಕ್ಕೆ ಸಮ ಎಂದು ಸಂಶೋಧಕರು ಲೆಕ್ಕ ಹಾಕಿದರು. ಉಳಿದ ಹೊತ್ತನ್ನು ಜನ ಮುಖಾಮುಖಿ ಮಾತುಕತೆಗೆ, ವ್ಯಾಯಾಮಕ್ಕೆ, ಹೊರಗೆ ಗಾಳಿ ಬೆಳಕಿನಲ್ಲಿ ಓಡಾಡುವುದಕ್ಕೆ ಬಳಸಿದ್ದರು.

ಅದೇ ಪ್ರಯೋಗದ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ತಾವಾಗಿಯೇ ಮುಂದೆ ಬಂದು ಒಪ್ಪಿಕೊಂಡವರಲ್ಲೂ ಬಹಳ ಮಂದಿಗೆ ತಡೆಯನ್ನು ಪೂರ್ತಿ ಎರಡು ವಾರ ಉಳಿಸಿಕೊಳ್ಳಲಾಗಲಿಲ್ಲ. ಕೆಲವರು ಶುರುವೇ ಮಾಡಲಿಲ್ಲ. ಇದನ್ನು ಕೀಪ್ಯಾಡ್ ಫೋನಿನ ವಿರುದ್ಧದ ಸಾಕ್ಷಿಯೆಂದು ಓದುವವರಿದ್ದಾರೆ. ನಾನು ಓದುವುದು ಬೇರೆ ರೀತಿ. ತಡೆಯನ್ನು ತೆಗೆಯುವ ಗುಂಡಿ ಅದೇ ಫೋನಿನಲ್ಲಿ, ಅದೇ ಕೈಯ ಬೆರಳಿಗೆ ಸಿಗುವಂತಿತ್ತು. 2018ರಲ್ಲಿ ಆ್ಯಪಲ್ ‘ಸ್ಕ್ರೀನ್ ಟೈಮ್’ ತಂದಿತು, ಗೂಗಲ್ ‘ಡಿಜಿಟಲ್ ವೆಲ್‌ಬೀಯಿಂಗ್’ ತಂದಿತು. ದಿನಕ್ಕೆ ಅರ್ಧ ಗಂಟೆ ಸಾಕೆಂದು ನಾವೇ ಗೆರೆ ಹಾಕಿಕೊಳ್ಳಬಹುದು, ಗೆರೆ ಬಂದಾಗ ಒಂದು ಸಲ ಒತ್ತಿ ದಾಟಲೂಬಹುದು. ಇವುಗಳಿಂದ ಉಪಕಾರವಾದವರಿದ್ದರೆ ಸಂತೋಷ. ಆದರೆ ಸಾಮಾನ್ಯರಿಗೆ ಇವು ಸಾಲದು ಎಂಬುದನ್ನು ಮನೆಮನೆಯಲ್ಲೂ ನೋಡುತ್ತಿದ್ದೇವೆ. ಇದೇ ವಾರ್ಡ್ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 2017ರಲ್ಲಿ ಸುಮಾರು 800 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಸದ್ದು ಅಡಗಿಸಿದ ಫೋನನ್ನು ಮೇಜಿನ ಮೇಲಿಟ್ಟವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಬುದ್ಧಿಯ ಲೆಕ್ಕಗಳನ್ನು ಚೆನ್ನಾಗಿ ಬಿಡಿಸಿದರು. ಆಮೇಲೆ ಇತರರು ಅದನ್ನು ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆ ಒಂದೇ ಫಲ ಬರಲಿಲ್ಲ ಎಂಬುದೂ ನಿಜ. ಆದ್ದರಿಂದ ಅದೊಂದರ ಮೇಲೆ ಭಾರ ಹಾಕುವುದಿಲ್ಲ.

ಪ್ರತಿ ಹೊಸ ಯಂತ್ರ ಬಂದಾಗಲೂ ಇಂಥ ಆತಂಕ ಕೇಳಿಬಂದಿತ್ತು, ಕಾದಂಬರಿ ಓದಿ ಹೆಣ್ಣುಮಕ್ಕಳು ಕೆಡುತ್ತಾರೆಂದರು, ಟಿವಿಯಿಂದ ಸಂಸಾರ ಹಾಳೆಂದರು, ಯಾವುದೂ ಆಗಲಿಲ್ಲ ಎಂಬ ವಾದ ಗಟ್ಟಿಯಾದದ್ದೇ. ಅದಕ್ಕೆ ಉತ್ತರ ಕೊಡಲೇಬೇಕು. ಕಾದಂಬರಿಗೆ ಓದುತ್ತಿರುವವರು ಯಾರೆಂದು ಗೊತ್ತಿರಲಿಲ್ಲ. ನೀವು ಪುಟ ಮಗುಚುವುದನ್ನು ಕಂಡು ಮುಂದಿನ ಅಧ್ಯಾಯವನ್ನು ಅದು ಬದಲಿಸಿಕೊಳ್ಳುತ್ತಿರಲಿಲ್ಲ. ದೂರದರ್ಶನ ರಾತ್ರಿ ಪ್ರಸಾರ ಮುಗಿಸಿ ಪರದೆ ಖಾಲಿ ಬಿಡುತ್ತಿತ್ತು. ಇಡೀ ಕೇರಿಗೆ ಒಂದೇ ಕಾರ್ಯಕ್ರಮ, ಒಟ್ಟಿಗೆ ಕೂತು ನೋಡುತ್ತಿದ್ದರು. ಇವತ್ತಿನ ಸಂಗತಿ ಬೇರೆ. ಒಂದೊಂದು ಕೈಯಲ್ಲೂ ಆ ಕೈಗೆಂದೇ ಆರಿಸಿದ್ದು, ಮುಗಿಯದೇ ಇರುವುದು, ಮಲಗುವ ಕೋಣೆಯವರೆಗೂ ಬರುವುದು. ಹಿಂದಿನ ಆತಂಕಗಳು ಸುಳ್ಳಾದವೆಂಬ ಕಾರಣಕ್ಕೆ ಇದೂ ಸುಳ್ಳೇ ಇರಬೇಕೆಂಬ ನಿಯಮವಿಲ್ಲ.

ಹಾಗೆಂದು ಎಲ್ಲರೂ ಸ್ಮಾರ್ಟ್‌ಫೋನ್ ಬಿಡಬೇಕೆಂದು ನಾನು ಹೇಳಿದರೆ ಅದು ಅನ್ಯಾಯದ ಮಾತಾಗುತ್ತದೆ. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಫೋನು ಸ್ವತಂತ್ರವಾಗಿ ಓಡಾಡುವ ಶಕ್ತಿ ಕೊಟ್ಟಿದೆ. ಕಿವಿ ಕೇಳದವರು ವಿಡಿಯೊ ಕರೆಯಲ್ಲಿ ಸನ್ನೆಯ ಭಾಷೆಯಿಂದ ದೂರದ ನೆಂಟರೊಡನೆ ಹರಟುತ್ತಾರೆ. ಅದು ಸಾಮಾನ್ಯ ಕೀಪ್ಯಾಡ್ ಫೋನಿನಲ್ಲಿ ಆಗದ ಮಾತು. ಮಂಗಳೂರು, ಭಟ್ಕಳ, ಉಡುಪಿಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಮಗುವಿನ ಮುಖ ಕಾಣುವುದು ವಿಡಿಯೊ ಕರೆಯಲ್ಲೇ. ಓದುಬರಹ ಬಾರದ ತಾಯಿಗೆ ವಾಯ್ಸ್ ಮೆಸೇಜು ದೊಡ್ಡ ಉಪಕಾರ. ಊಟ ತಲುಪಿಸುವ ಹುಡುಗರಿಗೆ, ಆಟೊ ಓಡಿಸುವವರಿಗೆ ಅದು ಹೊಟ್ಟೆಪಾಡು. ಇವರ ಮುಂದೆ ನಿಂತು ಸರಳ ಬದುಕಿನ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ನನ್ನ ವಾದ ಬಿಡಬೇಕೆಂದು ಬಯಸುವವರು ಬಿಡಲು ಸಾಧ್ಯವಿರಬೇಕು ಎಂಬುದಷ್ಟೇ. ಕಷ್ಟವಿರುವುದೂ ಅಲ್ಲೇ.

ಏಕೆಂದರೆ ಸ್ಮಾರ್ಟ್‌ಫೋನ್ ಈಗ ಆಯ್ಕೆಯಾಗಿ ಉಳಿದಿಲ್ಲ. ಹೋಟೆಲಿನಲ್ಲಿ ಕೂತರೆ ತಿಂಡಿಯ ಪಟ್ಟಿಯ ಬದಲು ಕ್ಯುಆರ್ ಕೋಡ್. ಶಾಲೆಯ ಹೋಮ್‌ವರ್ಕ್, ಫೀಸಿನ ನೆನಪು, ನಾಳೆ ರಜೆಯೆಂಬ ಸುದ್ದಿ ಎಲ್ಲ ವಾಟ್ಸ್ಆ್ಯಪ್ ಗುಂಪಿಗೆ. ಕೆಲವು ಕೆಲಸಗಳಲ್ಲಂತೂ ಸರ್ಕಾರವೇ ಕಡ್ಡಾಯ ಮಾಡಿತು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಮಕ್ಕಳ ತೂಕ, ಹಾಜರಿ ತುಂಬಬೇಕು. ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪಿಗೆ ಏರಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಗುಡ್ಡದ ಊರಿನಲ್ಲಿ ಫೋಟೊ ಏರದಿದ್ದರೆ ದುಡಿದವರ ಕೂಲಿಗೇ ಕುತ್ತು. ಗುದ್ದಲಿ ಹಿಡಿದವರ ದುಡಿಮೆಗೆ ಸಾಕ್ಷಿಯಾಗಿ ಒಂದು ಪರದೆ ಬೇಕೆನ್ನುವ ಆಡಳಿತ ಯಾರ ಅನುಕೂಲಕ್ಕಾಗಿ ಇದೆಯೋ ನನಗಂತೂ ತಿಳಿಯುವುದಿಲ್ಲ.

ರೀಚಾರ್ಜಿನ ಕಥೆಯೂ ಇದೇ. ಕರೆ ಮಾತ್ರ ಮಾಡುವವರೂ ಬಹುಕಾಲ ಬೇಡದ ಡೇಟಾಕ್ಕೆ ಸೇರಿಸಿ ದುಡ್ಡು ಕಟ್ಟುತ್ತಿದ್ದರು, ಏಕೆಂದರೆ ಅಂಗಡಿಯಲ್ಲಿ ಸಿಗುತ್ತಿದ್ದ ಪ್ಲಾನುಗಳೇ ಹಾಗಿದ್ದವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಪ್ರತಿ ಕಂಪನಿಯೂ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಮಾತ್ರ ಸೀಮಿತವಾದ ಒಂದು ಪ್ಲಾನನ್ನಾದರೂ ಕೊಡಲೇಬೇಕೆಂದಿತು. ಅಂಥ ರೀಚಾರ್ಜುಗಳ ಅವಧಿಯನ್ನು 365 ದಿನಗಳವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಈ ಕ್ರಮ ಬಂದದ್ದು ಹಿರಿಯರಿಗೂ ಹಳ್ಳಿಯವರಿಗೂ ಎರಡು ಸಿಮ್ ಇಟ್ಟುಕೊಂಡವರಿಗೂ ಆಗುತ್ತಿದ್ದ ಹೊರೆಯನ್ನು ಗಮನಿಸಿ. ಗಮನ ಉಳಿಸಿಕೊಳ್ಳಲು ಹೊರಟ ಎಂಜಿನಿಯರಿಗೂ ಅದರ ಲಾಭ ಸಿಕ್ಕಿತು. ಎರಡೂ ಒಂದೇ ಪ್ರಶ್ನೆ ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ.

ಹಣ ಕಳಿಸುವ ವಿಷಯದಲ್ಲಿಯೂ ಒಂದು ಬಾಗಿಲು ಇದೆ, ಜನಕ್ಕೆ ತಿಳಿದಿರುವುದು ಕಡಿಮೆ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ‘ಯುಪಿಐ 123ಪೇ’ ಶುರು ಮಾಡಿತು. ಇಂಟರ್ನೆಟ್ ಇಲ್ಲದ ಫೋನಿನಿಂದ ಕರೆ ಮಾಡಿ, ಧ್ವನಿ ಹೇಳಿದಂತೆ ಗುಂಡಿ ಒತ್ತಿ, ಪಿನ್ ಹಾಕಿ ಹಣ ಕಳಿಸಬಹುದು. ಮಿಸ್ಡ್ ಕಾಲ್ ಮೂಲಕ ಪಾವತಿಸುವ ವಿಧಾನವೂ ಅದರಲ್ಲಿದೆ. ಒಂದು ಸಲಕ್ಕೆ 5,000 ರೂಪಾಯಿ ಇದ್ದ ಮಿತಿಯನ್ನು 10,000ಕ್ಕೆ ಏರಿಸಲು 2024ರಲ್ಲಿ ನಿರ್ಧಾರವಾಯಿತು. ವ್ಯವಸ್ಥೆ ಇದೆ, ಅದನ್ನು ಕಲಿಸುವ ಉತ್ಸಾಹ ಬ್ಯಾಂಕುಗಳಲ್ಲಿ ಕಾಣುವುದಿಲ್ಲ. ಆ್ಯಪ್ ಹಾಕಿಕೊಳ್ಳಿ ಎಂದು ಬೋರ್ಡ್ ತೂಗುಹಾಕುವ ಶಾಖೆಗಳಲ್ಲಿ ಈ ಸೌಲಭ್ಯದ ಹೆಸರು ಬರೆದ ಒಂದು ಚೀಟಿಯನ್ನೂ ನಾನು ಕಂಡಿಲ್ಲ.

ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಮಾದರಿ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಂಗಸರು ಗುರುತಿನ ಚೀಟಿ ತೋರಿಸಿದರೆ ಸಾಕು, ಕಂಡಕ್ಟರ್ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡುತ್ತಾರೆ. ಫೋನು ಬೇಡ, ಒಟಿಪಿ ಬೇಡ. ದಿನವೂ ಲಕ್ಷಾಂತರ ಮಂದಿ ಹಾಗೆ ಓಡಾಡುತ್ತಿದ್ದಾರೆ. ನಮ್ಮ ಮೆಟ್ರೊದ ಸ್ಮಾರ್ಟ್ ಕಾರ್ಡೂ ಅಂಥದ್ದೇ: ತಟ್ಟಿ ಒಳಹೋಗುವುದಷ್ಟೆ. ದೊಡ್ಡ ವ್ಯವಸ್ಥೆಯೆಂದರೆ ಎಲ್ಲರ ಕೈಗೂ ಆ್ಯಪ್ ಕೊಡಲೇಬೇಕು ಎಂಬ ಮಾತನ್ನು ಈ ಎರಡೂ ಸುಳ್ಳು ಮಾಡಿವೆ.

ಇನ್ನು ಒಂದು ಎಚ್ಚರಿಕೆಯ ಮಾತು, ಇದನ್ನು ಹೇಳದೆ ಕೀಪ್ಯಾಡ್ ಫೋನಿನ ಪರ ವಾದಿಸುವುದು ಅಪಾಯ. 2019ರಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಹನ್ನೆರಡು ಹಳ್ಳಿಗಳಲ್ಲಿ ಒಂದು ಸಮುದಾಯದ ಮುಖಂಡರು ಸೇರಿ, ಮದುವೆಯಾಗದ ಹುಡುಗಿಯರು ಮೊಬೈಲ್ ಇಟ್ಟುಕೊಳ್ಳಬಾರದೆಂದು ತೀರ್ಮಾನಿಸಿದರು. ಹುಡುಗರಿಗೆ ಅಂಥ ನಿಷೇಧವಿರಲಿಲ್ಲ. ನಮ್ಮ ಮನೆಗಳಲ್ಲೂ ಗಂಡನಿಗೆ, ಮಗನಿಗೆ ಟಚ್‌ಸ್ಕ್ರೀನ್, ಹೆಂಡತಿಗೆ ಅವನ ಹಳೆಯ ಬಟನ್ ಸೆಟ್ಟು ಎಂಬ ಏರ್ಪಾಡು ಅಪರೂಪವಲ್ಲ. ಗಮನ, ಸಂಸ್ಕಾರ, ಒಳಿತು ಎಂಬ ಹೆಸರಿನಲ್ಲಿ ಬೇರೆಯವರ ಕೈಯಿಂದ ಫೋನ್ ಕಿತ್ತುಕೊಳ್ಳುವುದು ಶುದ್ಧ ದಬ್ಬಾಳಿಕೆ. ಎರಡು ಫೋನುಗಳನ್ನೂ ಕೊಳ್ಳಬಲ್ಲವಳು, ಬಳಸಬಲ್ಲವಳು ತಾನಾಗಿ ಚಿಕ್ಕದನ್ನು ಆರಿಸಿಕೊಂಡರೆ ಅದು ಸ್ವಾತಂತ್ರ್ಯ. ಬೇರೆ ದಾರಿಯಿಲ್ಲದೆ ಹಿಡಿದಿದ್ದರೆ ಅಥವಾ ಹಿಡಿಸಿದ್ದರೆ ಅದಕ್ಕೆ ಬೇರೆ ಹೆಸರು. ನ್ಯೂಯಾರ್ಕಿನ ಲೈಟ್ ಫೋನ್, ಸ್ವಿಟ್ಜರ್ಲೆಂಡಿನ ಪುಂಕ್ಟ್ ಮುಂತಾದ ಕಂಪನಿಗಳು ಏನೂ ಇಲ್ಲದ ಫೋನುಗಳನ್ನು ನೂರಾರು ಡಾಲರಿಗೆ ಮಾರುತ್ತಿರುವುದು ಇದರ ಇನ್ನೊಂದು ಮುಖ. ಅವುಗಳ ವಿನ್ಯಾಸ ಚೆಂದ, ಉದ್ದೇಶ ಒಳ್ಳೆಯದು. ಆದರೆ ನೆಮ್ಮದಿ ದುಡ್ಡಿದ್ದವರ ಸರಕಾಗಿಬಿಟ್ಟರೆ ಮೂಲದ ರೋಗ ಹಾಗೆಯೇ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ಮಾತ್ರ ದೊಡ್ಡವರು ತೀರ್ಮಾನ ತೆಗೆದುಕೊಳ್ಳಲೇಬೇಕು. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ವರದಿ 2024ರಲ್ಲಿ 14ರಿಂದ 16 ವಯಸ್ಸಿನವರನ್ನು ಕೇಳಿತ್ತು. ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ವಾರದಲ್ಲಿ ಅದನ್ನು ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಕೋವಿಡ್ ಕಾಲದಲ್ಲಿ ಓದಿಗೆಂದು ಮನೆಯೊಳಗೆ ಬಂದ ಯಂತ್ರ ಈಗ ಯಾವುದಕ್ಕೆ ಹೆಚ್ಚು ಬಳಕೆಯಾಗುತ್ತಿದೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಎಂಬ ಪ್ರತ್ಯೇಕ ಚಿಕಿತ್ಸಾಲಯ ತೆರೆಯಬೇಕಾಯಿತು. ಇಂಗ್ಲೆಂಡಿನ ಈಟನ್ ಶಾಲೆ 2024ರಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಸ್ಮಾರ್ಟ್‌ಫೋನ್ ಬಿಡಿಸಿ, ಕರೆ ಮತ್ತು ಮೆಸೇಜಿಗೆ ಮಾತ್ರ ಬರುವ ನೋಕಿಯಾ ಸೆಟ್ಟು ಕೊಟ್ಟಿತು. ಅಷ್ಟು ಶ್ರೀಮಂತರ ಶಾಲೆಗೆ ಹೋಗಬೇಕಿಲ್ಲ. ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಎಂಟೂವರೆವರೆಗೆ ಊರಲ್ಲಿ ಟಿವಿ, ಮೊಬೈಲ್ ಬಂದ್. ಮಕ್ಕಳು ಓದುತ್ತಾರೆ, ದೊಡ್ಡವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಬೆಳಗಾವಿಯ ಮಗ್ಗುಲಲ್ಲಿರುವ ಹಲಗಾ ಗ್ರಾಮವೂ ಮುಂದೆ ಅದೇ ಹಾದಿ ಹಿಡಿಯಿತು. ಇವುಗಳಲ್ಲಿ ನನಗೆ ಹಿಡಿಸಿದ್ದು ಒಂದೇ ಅಂಶ: ನಿಯಮ ದೊಡ್ಡವರಿಗೂ ಇದೆ. ಅಪ್ಪ ಸೋಫಾದಲ್ಲಿ ರೀಲ್ಸ್ ನೋಡುತ್ತ ಮಗನಿಗೆ ಓದು ಅನ್ನುವ ಮನೆಯಲ್ಲಿ ಯಾವ ಫೋನ್ ತಂದುಕೊಟ್ಟರೂ ಪ್ರಯೋಜನವಿಲ್ಲ.

ಬದಲಾಯಿಸಬೇಕೆಂದು ಹೊರಟವರು ಕೆಲವು ಸಂಗತಿ ತಿಳಿದಿರಬೇಕು. ಕಪಾಟಿನಲ್ಲಿರುವ ಹಳೆಯ 2ಜಿ ಸೆಟ್ಟಿಗೆ ಜಿಯೊ ಸಿಮ್ ಹಾಕಿದರೆ ನಡೆಯುವುದಿಲ್ಲ, ಅದಕ್ಕೆ 4ಜಿ ಕೀಪ್ಯಾಡ್ ಫೋನೇ ಬೇಕು. ವಿದೇಶದಲ್ಲಿರುವ ಕನ್ನಡಿಗರಿಗೆ ಈ ತೊಡಕು ಇನ್ನೂ ಹೆಚ್ಚು. ಆಸ್ಟ್ರೇಲಿಯಾ 2ಜಿಯನ್ನು ಎಂದೋ ನಿಲ್ಲಿಸಿ 2024ರಲ್ಲಿ 3ಜಿಯನ್ನೂ ಮುಚ್ಚಿದೆ, ಅಲ್ಲಿ ಹಳೆಯ ನೋಕಿಯಾ ಬರೀ ಅಲಾರಂ ಗಡಿಯಾರ. ಕನ್ನಡದ ಮೆಸೇಜ್ ಓದಲು ಆಗುವುದಿಲ್ಲವೇನೋ ಎಂಬ ಅಂಜಿಕೆ ಬೇಡ. ದೇಶದಲ್ಲಿ ಮಾರುವ ಫೋನುಗಳು, ಕೀಪ್ಯಾಡ್ ಸೆಟ್ಟುಗಳೂ ಸೇರಿ, ಸಂವಿಧಾನದ 22 ಭಾಷೆಗಳನ್ನೂ ತೋರಿಸಬೇಕೆಂದು ಭಾರತೀಯ ಮಾನಕ ಸಂಸ್ಥೆಯ ಐಎಸ್ 16333 ಹೇಳುತ್ತದೆ. ಆದರೆ ಕನ್ನಡದಲ್ಲಿ ಟೈಪ್ ಮಾಡುವ ಅನುಕೂಲ ಎಲ್ಲದರಲ್ಲೂ ಸಿಗುವುದಿಲ್ಲ, ಇಂಗ್ಲಿಷ್, ಹಿಂದಿಗಳ ಜೊತೆ ಇನ್ನೊಂದು ಭಾಷೆ ಸಾಕೆಂದು ನಿಯಮ ಬಿಟ್ಟುಕೊಟ್ಟಿದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಸಾಲು ಟೈಪ್ ಮಾಡಿ ನೋಡಿ.

ಬಹುಪಾಲು ಜನರಿಗೆ ಒಗ್ಗುವುದು ಎರಡರ ನಡುವಿನ ದಾರಿ: ಎಲ್ಲರಿಗೂ ಗೊತ್ತಿರುವ ನಂಬರು ಕೀಪ್ಯಾಡ್ ಫೋನಿನಲ್ಲಿ, ಅದು ಜೇಬಿನಲ್ಲಿ. ಸ್ಮಾರ್ಟ್‌ಫೋನ್ ಮನೆಯಲ್ಲಿ, ಮೇಜಿನ ಮೇಲೆ, ಹಿಂದಿನ ಲ್ಯಾಂಡ್‌ಲೈನಿನ ಜಾಗದಲ್ಲಿ. ಬ್ಯಾಂಕಿನ ಕೆಲಸ, ವಾಟ್ಸ್ಆ್ಯಪ್ ಗುಂಪು, ವಿಡಿಯೊ ಕರೆ ಎಲ್ಲವನ್ನೂ ಸಂಜೆ ಅಲ್ಲಿ ಕೂತು ಮುಗಿಸುವುದು. ನಾನು ಕಂಡಂತೆ ಇದರಲ್ಲಿ ಬೇಗ ಬರುವ ಬದಲಾವಣೆ ಕಾಯುವ ಹೊತ್ತಿನದು. ಡಾಕ್ಟರ ಸರದಿಗೆ ಕಾಯುವಾಗ ಪಕ್ಕದವರ ಮುಖ ಕಾಣುತ್ತದೆ, ಮಾತು ಹುಟ್ಟುತ್ತದೆ, ಇಲ್ಲವೇ ಬರೀ ಯೋಚನೆ ಸಾಗುತ್ತದೆ. ಆದರೆ ಈ ದಾರಿಗೂ ಈಗ ಕಲ್ಲು ಬಿದ್ದಿದೆ. ಸೈಬರ್ ವಂಚನೆ ತಡೆಯಲೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ, ವಾಟ್ಸ್ಆ್ಯಪ್‌ನಂಥ ಆ್ಯಪುಗಳು ನೋಂದಾಯಿಸಿದ ಸಿಮ್ ಅದೇ ಫೋನಿನಲ್ಲಿದ್ದರೆ ಮಾತ್ರ ನಡೆಯಬೇಕೆಂದು ನಿರ್ದೇಶಿಸಿತು. ಯುಪಿಐ ಆ್ಯಪುಗಳಂತೂ ನೋಂದಣಿಯ ಹೊತ್ತಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಆ ಫೋನಿನಲ್ಲೇ ಇರಬೇಕೆಂದು ಮೊದಲಿನಿಂದಲೂ ಕೇಳುತ್ತವೆ. ವಂಚಕರನ್ನು ಹಿಡಿಯಬೇಕು ಸರಿ. ಆದರೆ ನಂಬರ್ ಕೀಪ್ಯಾಡಿನಲ್ಲಿ, ಆ್ಯಪ್ ಮನೆಯಲ್ಲಿ ಇಟ್ಟುಕೊಂಡವರ ಪಾಡೇನೆಂದು ಇಂಥ ಆದೇಶ ಬರೆಯುವವರು ಒಮ್ಮೆ ಯೋಚಿಸಬೇಕು. ಈಗಿನ ಮಟ್ಟಿಗೆ ಎರಡನೆಯ ಸಿಮ್ ಇಟ್ಟುಕೊಳ್ಳುವುದೊಂದೇ ಉಪಾಯ.

ಆದ್ದರಿಂದ ಕೆಲವರಲ್ಲಿ ನೇರವಾಗಿ ಕೇಳಿಕೊಳ್ಳುತ್ತೇನೆ. ಶಾಲೆಯ ಮುಖ್ಯೋಪಾಧ್ಯಾಯರೇ, ಹೋಮ್‌ವರ್ಕನ್ನು ಮಕ್ಕಳ ಡೈರಿಯಲ್ಲೇ ಬರೆಸಿ, ರಜೆಯ ಸುದ್ದಿಗೆ ಒಂದು ಎಸ್ಸೆಮ್ಮೆಸ್ ಸಾಕು. ಬ್ಯಾಂಕಿನ ಮ್ಯಾನೇಜರರೇ, ಯುಪಿಐ 123ಪೇ ಬಳಸುವುದು ಹೇಗೆಂದು ಕನ್ನಡದಲ್ಲಿ ಬರೆದು ಕೌಂಟರಿನ ಪಕ್ಕ ಅಂಟಿಸಿ, ಕೇಳಿದವರಿಗೆ ಒಮ್ಮೆ ಮಾಡಿ ತೋರಿಸಿ. ಯೋಜನೆ ರೂಪಿಸುವ ಅಧಿಕಾರಿಗಳೇ, ಆ್ಯಪ್ ಮಾಡಿ, ಬೇಡವೆನ್ನುವುದಿಲ್ಲ, ಆದರೆ ಅದಿಲ್ಲದವರಿಗೂ ಅದೇ ಸೌಲಭ್ಯ, ಅದೇ ದಿನ, ಅದೇ ಬೆಲೆಗೆ ಸಿಗುವಂತೆ ಕಾಗದದ ದಾರಿಯೊಂದನ್ನು ಉಳಿಸಿ. ಓದುಗರೇ, ಮುಂದಿನ ಸಲ ನಿಮಗೆ ಯಾರಾದರೂ ನನ್ನ ಫೋನಿನಲ್ಲಿ ವಾಟ್ಸ್ಆ್ಯಪ್ ಇಲ್ಲ ಎಂದರೆ ಅವರನ್ನು ಆ ಕೆಲಸದಿಂದ, ಆ ಗುಂಪಿನಿಂದ ಬಿಟ್ಟುಬಿಡಬೇಡಿ. ನಂಬರ್ ಕೇಳಿ ಬರೆದುಕೊಂಡು ಕರೆ ಮಾಡಿ.